ಬಾಷಾ ಸಾಬರ ಕಿವಿ ಮತ್ತು ನನ್ನ ಅರ್ಜಿ

ಕಾದ ಮರಳಿಗೆ ಒಂದು ವಾಸನೆ ಇದೆ. ಉಪ್ಪುನೀರು ಕುಡಿದ ಅಕ್ಕಿ ಅದರೊಳಗೆ ಬಿದ್ದಾಗ ಏಳುವುದು ಇನ್ನೊಂದು ವಾಸನೆ. ಇವೆರಡಕ್ಕೆ ಉರಿಯುವ ಹೊಟ್ಟಿನ ಹೊಗೆಯೂ ಸೇರಿಕೊಂಡರೆ ನೀವು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಬಂದಿದ್ದೀರಿ ಎಂದೇ ಅರ್ಥ. ಈ ಜನವರಿಯಲ್ಲಿ ಆಟೋದಿಂದ ಇಳಿದವಳು ಆ ವಾಸನೆ ಮೂಗಿಗೆ ಬಡಿದೊಡನೆ ಹಾಗೇ ನಿಂತುಬಿಟ್ಟೆ. ಅಡ್ರೆಸ್ ತಪ್ಪೈತೇನ್ರಿ ಎಂದು ಆಟೋದವನು ಕೇಳಿದ. ತಪ್ಪಿರಲಿಲ್ಲ. ನನ್ನ ಪರ್ಸಿನಲ್ಲಿ ಹೊಸದಾಗಿ ಬಂದ ಪ್ಲಾಸ್ಟಿಕ್ ಕಾರ್ಡೊಂದಿತ್ತು. ಇವಳು ಅಮೆರಿಕದಲ್ಲಿ ಕಾಯಂ ಆಗಿ ಇರಬಹುದು ಎಂದು ಹೇಳುವ ಕಾರ್ಡು. ‘ಅಸಾಧಾರಣ ಸಾಮರ್ಥ್ಯದ ವಿಜ್ಞಾನಿ’ ಎಂಬ ವರ್ಗದಲ್ಲಿ ಸಿಕ್ಕಿದ್ದು. ಅದನ್ನು ಮೊದಲು ತೋರಿಸಬೇಕಾದವರು ಈ ಓಣಿಯಲ್ಲಿದ್ದರು. ಅವರಿಲ್ಲದಿದ್ದರೆ ಆ ಕಾರ್ಡು ನನಗೆ ಸಿಗುತ್ತಿರಲಿಲ್ಲ. ವಿನಯಕ್ಕೆಂದು ಹೇಳುತ್ತಿರುವ ಮಾತಲ್ಲ ಇದು. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ ನಡೆದದ್ದನ್ನು ಕೇಳಿದರೆ ನೀವೂ ಒಪ್ಪುತ್ತೀರಿ.

ನಮ್ಮದು ದಾವಣಗೆರೆಯ ಪಕ್ಕದ ಆವರಗೆರೆ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಅವ್ವ ಬಾಷಾ ಸಾಬರ ಭಟ್ಟಿಗೆ ಕೆಲಸಕ್ಕೆ ಸೇರಿದಳು. ಅಕ್ಕಿಗೆ ಉಪ್ಪುನೀರು ಹಿಡಿಸುವುದು ಅವಳ ಕೆಲಸ. ಹಿಡಿಸಿದ ಅಕ್ಕಿಯನ್ನು ಹದವಾಗಿ ಬೆಚ್ಚಗೆ ಮಾಡಿ, ಆಮೇಲೆ ಕಾದ ಮರಳಿಗೆ ಎಸೆಯಬೇಕು. ಹಸಿ ಹೆಚ್ಚಾದರೆ ಅಕ್ಕಿ ಕಲ್ಲಾಗಿ ಕೂರುತ್ತದೆ, ಕಡಿಮೆಯಾದರೆ ಸೀಯುತ್ತದೆ. ಆ ಹದ ಬಂದಿದೆಯೋ ಇಲ್ಲವೋ ಎಂದು ಹೇಳುವವರು ಬಾಷಾ ಸಾಬರೊಬ್ಬರೇ. ಒಂದು ಹಿಡಿ ಅಕ್ಕಿಯನ್ನು ಎರಡೂ ಅಂಗೈ ನಡುವೆ ಹಿಡಿದು ಎಡಗಿವಿಯ ಹತ್ತಿರ ತಂದು ಅಲ್ಲಾಡಿಸುವರು, ಕಣ್ಣು ಮುಚ್ಚುವರು. ಹೂಂ ಎಂದರೆ ಹಾಕಬಹುದು. ಇಲ್ಲವೆಂದರೆ ಕಾಯಬೇಕು. ಮಂಡಿಪೇಟೆಯ ವ್ಯಾಪಾರಿಗಳು ಕೂಡ ಹೊಸ ಅಕ್ಕಿ ಬಂದಾಗ ಒಂದು ಚೀಲದ ಮಾದರಿ ಕಳಿಸಿ ಅವರ ಕಿವಿಯ ಒಪ್ಪಿಗೆ ಪಡೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಚೀಲಗಳ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದ ನನಗೆ, ಲೆಕ್ಕದ ಪುಸ್ತಕಕ್ಕಿಂತ ಆ ಕಿವಿಯ ಮೇಲೇ ಹೆಚ್ಚು ಗಮನ.

ಆ ಭಟ್ಟಿಯಲ್ಲಿ ಒಂದು ಕಟ್ಟುಪಾಡಿತ್ತು. ಬೆಂಕಿಯ ಮುಂದೆ ಯಾರನ್ನೂ ಯಾವುದನ್ನೂ ಹೊಗಳಬಾರದು. ಹೊಗಳಿದರೆ ದೃಷ್ಟಿಯಾಗಿ ಮುಂದಿನ ಬಾಣಲೆ ಕೆಡುತ್ತದೆ ಎಂದು ನಂಬಿಕೆ. ಒಂದು ಕಾಳೂ ಕೂರದೆ ಅರಳಿದರೂ ಬಾಷಾ ಸಾಬರು ಮುಖ ಸಿಂಡರಿಸಿಕೊಂಡು ‘ನಡೀತೈತೆ’ ಎನ್ನುತ್ತಿದ್ದರು. ಆದರೆ ನಿಜಕ್ಕೂ ಅವರ ಮನಸ್ಸಿಗೆ ಹಿಡಿಸಿದ ಮಂಡಕ್ಕಿಯಿದ್ದರೆ, ಬಾಣಲೆಯ ಅಡಿಯ ಮಸಿಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ಆ ಚೀಲದ ಬಾಯಿಯ ಬಲಮೂಲೆಗೆ ಒಂದು ಸಲ ಒತ್ತುತ್ತಿದ್ದರು. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ವರ್ಷಕ್ಕೆ ನಾಲ್ಕೈದು ಚೀಲಕ್ಕೆ ಅಂಥ ಭಾಗ್ಯ ಬರುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಶಾಲೆಗೇ ಮೊದಲಿಗಳಾದೆ ಎಂದು ಅವ್ವ ಪೇಡೆ ಹಿಡಿದು ಓಡಿಬಂದಾಗಲೂ ಅವರು ‘ಪಾಸಾಯ್ತಲ್ಲ, ಬಿಡು’ ಎಂದು ಪೇಡೆ ಬಾಯಿಗೆ ಹಾಕಿಕೊಂಡಿದ್ದರು. ನನಗೆ ಅವತ್ತು ಅಳು ಬಂದಿತ್ತು.

ಆ ಪಾಸಾದದ್ದು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ವಿದ್ಯಾನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟ ಚಂದ್ರಶೇಖರಪ್ಪ ಮೇಷ್ಟ್ರು ಬೆನ್ನಿಗೆ ನಿಂತರು. ಮುಂದೆ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಧಾನ್ಯಗಳ ಮೇಲೆ ಸಂಶೋಧನೆಗೆ ಸೇರಿದೆ. ಅಲ್ಲಿ ನಾನು ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬಾಷಾ ಸಾಬರ ಕಿವಿಗೆ ಏನು ಕೇಳಿಸುತ್ತದೆ ಎಂದು ಹುಡುಕಿದೆ. ತಗಡಿನ ಡಬ್ಬಿಯಲ್ಲಿ ಒಂದು ಹಿಡಿ ಕಾಳು ಹಾಕಿ ಅಲ್ಲಾಡಿಸಿದರೆ ಬರುವ ಸದ್ದು, ಕಾಳಿನೊಳಗಿನ ತೇವಕ್ಕೆ ತಕ್ಕಂತೆ ಬದಲಾಗುತ್ತದೆ. ಆ ಬದಲಾವಣೆಯನ್ನು ಮೊಬೈಲೇ ಕೇಳಿ, ಹದ ಬಂತೋ ಇಲ್ಲವೋ ಎಂದು ಹಸಿರು, ಕೆಂಪು ದೀಪ ತೋರಿಸುವ ಒಂದು ಆ್ಯಪ್ ಮಾಡಿದೆ. ಅಕ್ಕಿಗಷ್ಟೇ ಅಲ್ಲ, ಜೋಳಕ್ಕೂ ನವಣೆಗೂ ಅದು ನಡೆಯುತ್ತಿತ್ತು. ಯಾರು ಬೇಕಾದರೂ ಬಳಸಲಿ ಎಂದು ಪುಕ್ಕಟೆ ಬಿಟ್ಟೆ. ಅದರ ಮೇಲೆ ಬರೆದ ಪ್ರಬಂಧಕ್ಕೆ ಒಳ್ಳೆಯ ಹೆಸರು ಬಂತು. ಪ್ರಬಂಧದ ಕೊನೆಗೆ ‘ದಾವಣಗೆರೆಯ ಮಂಡಕ್ಕಿ ತಯಾರಕರಿಗೆ ವಂದನೆ’ ಎಂದು ಒಂದು ಸಾಲು ಸೇರಿಸಿದ್ದೆ. ಬಾಷಾ ಸಾಬರ ಹೆಸರು ಹಾಕಿರಲಿಲ್ಲ.

ಒಮ್ಮೆ ರಜೆಗೆ ಬಂದಾಗ ಆ ಆ್ಯಪನ್ನು ಬಾಷಾ ಸಾಬರ ಸೊಸೆ ನಸೀಮಾಳ ಫೋನಿಗೆ ಹಾಕಿಕೊಟ್ಟೆ. ಬಾಷಾ ಸಾಬರು ಡಬ್ಬಿಯನ್ನೊಮ್ಮೆ, ಫೋನನ್ನೊಮ್ಮೆ ನೋಡಿ ‘ಆಟ ಆಡ್ಕಳ್ರಿ’ ಎಂದು ಎದ್ದು ಹೋದರು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡೆ.

ಅದಾಗಿ ಎರಡು ವರ್ಷಕ್ಕೆ ಆ ಮಳೆಗಾಲ ಬಂತು. ಅವ್ವನ ಕಣ್ಣಿನ ಪೊರೆ ತೆಗೆಸಲು ಜೂನ್ ಕೊನೆಗೆ ಊರಿಗೆ ಬಂದಿದ್ದೆ. ಬಂದ ಎಂಟನೇ ದಿನಕ್ಕೆ ಅಮೆರಿಕದಿಂದ ನೋಟಿಸಿನ ಸುದ್ದಿ. ಅಲ್ಲಿ ಕಾಯಂ ಇರಲು ನಾನು ಹಾಕಿದ್ದ ಅರ್ಜಿಗೆ ಪುರಾವೆ ಸಾಲದು, ಇನ್ನಷ್ಟು ಕೊಡಿ ಎಂದು ವಲಸೆ ಕಚೇರಿ ಕೇಳಿತ್ತು. ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ನನ್ನ ಆರು ವರ್ಷದ ವೀಸಾ ಆ ಚಳಿಗಾಲಕ್ಕೆ ಮುಗಿಯುವುದಿತ್ತು. ಅರ್ಜಿ ಬಿದ್ದುಹೋದರೆ ವೀಸಾ ಮುಂದುವರಿಯುವುದಿಲ್ಲ. ವೀಸಾ ಇಲ್ಲದಿದ್ದರೆ ಪ್ರಯೋಗಾಲಯವಿಲ್ಲ, ಅರ್ಧಕ್ಕೆ ನಿಂತ ನವಣೆಯ ಕೆಲಸವೂ ಇಲ್ಲ. ಹತ್ತು ವರ್ಷ ಕಷ್ಟಪಟ್ಟು ಕಟ್ಟಿಕೊಂಡದ್ದು ಆ ಒಂದು ಉತ್ತರದ ಮೇಲೆ ನಿಂತಿತ್ತು.

ಕಚೇರಿ ಕೇಳಿದ್ದು ಎರಡು ಪ್ರಶ್ನೆ. ಈ ಕೆಲಸ ನಿಜಕ್ಕೂ ಅಷ್ಟು ದೊಡ್ಡದೇ? ಇದರಿಂದ ಯಾರ ಕಸುಬಾದರೂ ಬದಲಾಗಿದೆಯೇ? ಅಮೆರಿಕದಲ್ಲಿದ್ದ ನನ್ನ ವಕೀಲೆ ಬೆಳಗ್ಗೆ ಬೆಳಗ್ಗೆ ಫೋನ್ ಮಾಡಿ, ಸಂಕೋಚ ಬಿಟ್ಟು ನಿಮ್ಮನ್ನು ನೀವು ಹೊಗಳಿಕೊಳ್ಳಿ, ಹೊಗಳುವವರಿಂದ ಪತ್ರ ತನ್ನಿ ಎಂದು ಬುದ್ಧಿ ಹೇಳುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳುತ್ತ ಬೆಳೆದವಳು ನಾನು. ಆ ಕಚೇರಿಗೋ ತುಳುಕುವ ಕೊಡವೇ ಬೇಕು, ಅದೂ ಸಹಿಯ ಸಮೇತ.

ಮೊದಲು ಹೋದದ್ದು ಚಂದ್ರಶೇಖರಪ್ಪ ಮೇಷ್ಟ್ರ ಹತ್ತಿರ. ನಿವೃತ್ತಿಯಾದ ಮೇಲೆ ಅವರು ಹರಿಹರದಲ್ಲಿ, ಹೊಳೆಯ ಕಡೆಗೆ ಮುಖ ಮಾಡಿದ ಮನೆಯಲ್ಲಿದ್ದರು. ಎರಡು ದಿನ ಕೂತು ಬಹಳ ಪ್ರೀತಿಯಿಂದ ಪತ್ರ ಬರೆದುಕೊಟ್ಟರು. ಇವಳು ವಿಧೇಯಳು, ಒಂದು ದಿನವೂ ತರಗತಿಗೆ ತಡವಾಗಿ ಬಂದವಳಲ್ಲ, ಮೂರು ವರ್ಷದಲ್ಲಿ ಪ್ರಯೋಗಾಲಯದ ಗಾಜಿನ ಸಾಮಾನು ಒಂದನ್ನೂ ಒಡೆದವಳಲ್ಲ ಎಂದಿತ್ತು ಅದರಲ್ಲಿ. ವಕೀಲೆ ಓದಿ, ಇವರಿಗೆ ನಿಮ್ಮ ಮೇಲೆ ಏನಾದರೂ ಸಿಟ್ಟಿದೆಯೇ ಎಂದು ಕೇಳಿದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಆಮೇಲೆ ವಕೀಲೆಯೇ ಒಂದು ದಾರಿ ಹೇಳಿದರು. ಪ್ರೊಫೆಸರುಗಳ ಪತ್ರ ಸಾಕಷ್ಟಿದೆ, ನಿಜವಾಗಿ ಈ ಕಸುಬು ಮಾಡುವವರೊಬ್ಬರ ಪತ್ರ ಬೇಕು. ನೀವು ಹುಟ್ಟಿದೂರಿನಲ್ಲೇ ಭಟ್ಟಿಗಳಿವೆಯಲ್ಲ. ಬರೆಯುವವರಿಗೆ ತೊಂದರೆಯಾಗದಿರಲೆಂದು ತಾವೇ ಒಂದು ಕರಡು ಬರೆದು ಕಳಿಸಿದರು. ಬಾಷಾ ಸಾಬರು ಸಹಿ ಹಾಕಿದರೆ ಮುಗಿಯಿತು. ಅದರ ಎರಡನೆಯ ಸಾಲು ಹೀಗಿತ್ತು: ಇವರು ಬರುವ ಮುನ್ನ ನಾವು ಬರೀ ಅಂದಾಜಿನ ಮೇಲೆ ಕೆಲಸ ಮಾಡುತ್ತಿದ್ದೆವು, ನಮಗೆ ಯಾವ ವಿಧಾನವೂ ಗೊತ್ತಿರಲಿಲ್ಲ.

ಆ ಸಾಲು ಓದಿ ನಾಲ್ಕು ದಿನ ಅದನ್ನು ಪ್ರಿಂಟ್ ಹಾಕಿಸಲೂ ಹೋಗಲಿಲ್ಲ. ಐದನೆಯ ದಿನ ಆ ಕಾಗದ ಹಿಡಿದು ಭಟ್ಟಿಗೆ ಹೋದೆ. ನಾನು ಹೋದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟು ಹೆದರಿದ್ದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂಬ ಧೈರ್ಯವೂ ಒಳಗೆ ಇತ್ತು, ನಾಚಿಕೆಯ ಮಾತು.

ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಬಾಷಾ ಸಾಬರು, ಓದಿ ಹೇಳಿಸಿಕೊಳ್ಳದೆ ಸಹಿ ಹಾಕುವವನಲ್ಲ ಎಂದರು. ಹಾಗಾದರೆ ಮೇಷ್ಟ್ರನ್ನೇ ಇಲ್ಲಿಗೆ ಕರೆಸುತ್ತೇನೆ ಎಂದೆ. ಮೇಷ್ಟ್ರ ಮೊಣಕಾಲು ಸರಿಯಿಲ್ಲವಲ್ಲ, ನಾವೇ ಹೋಗೋಣ ಎಂದರು. ಹೀಗೆ ಒಂದು ಮಧ್ಯಾಹ್ನ ನಾವು ಮೂವರು ಹರಿಹರದ ಬಸ್ಸು ಹತ್ತಿದೆವು. ಬಾಷಾ ಸಾಬರು, ನಾನು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡ ಅವ್ವ. ಕಿಟಕಿಗೆ ಮಳೆ ಬಡಿಯುತ್ತಿತ್ತು. ಬಾಷಾ ಸಾಬರ ಎಡಕ್ಕೆ ಕೂತಿದ್ದ ನಾನು ಮಳೆ, ಅಕ್ಕಿ, ಮೊಮ್ಮಕ್ಕಳು ಎಂದು ಏನೇನೋ ಮಾತು ತೆಗೆದೆ. ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ಕರಡಿನಲ್ಲಿರುವುದು ಅವರಿಗೆ ಹೇಗೋ ತಿಳಿದು ಬೇಜಾರಾಗಿದೆ ಎಂದುಕೊಂಡೆ.

ಹೊಳೆ ಅವತ್ತು ಕೆಂಪಗೆ, ಎರಡೂ ದಡ ಮುಟ್ಟಿ ಹರಿಯುತ್ತಿತ್ತು. ಮೇಷ್ಟ್ರು ಜಗಲಿಯಲ್ಲಿ ಕುರ್ಚಿ ಹಾಕಿಸಿ, ಚಹಾ ಕೊಡಿಸಿ, ಕನ್ನಡಕ ಏರಿಸಿಕೊಂಡು ಕರಡನ್ನು ಕನ್ನಡದಲ್ಲಿ ಓದತೊಡಗಿದರು. ಎರಡನೆಯ ಸಾಲಿಗೆ ಬಂದಾಗ ಅವರ ದನಿ ಸಣ್ಣದಾಯಿತು. ಅದನ್ನ ಇನ್ನೊಮ್ಮೆ ಜೋರಾಗಿ ಓದ್ರಿ ಎಂದರು ಬಾಷಾ ಸಾಬರು. ಮೇಷ್ಟ್ರು ಇನ್ನೊಮ್ಮೆ ಓದಿದರು. ಅವ್ವ ಕಪ್ಪು ಕನ್ನಡಕ ತೆಗೆದು, ತೆಗೆಯಬಾರದೆಂದು ಡಾಕ್ಟರು ಹೇಳಿದ್ದರೂ, ನನ್ನ ಕಡೆ ತಿರುಗಿದಳು.

“ನಿನಗೆ ಅನ್ನ ಹಾಕಿದ ಭಟ್ಟಿ ಅದು. ಅಂದಾಜಿನ ಮ್ಯಾಲೆ ನಡೀತಿತ್ತಂತೆ. ಓದಿದೋರು ಹಿಂಗೆ ಬರೀತಾರೇನು ರೇಣಿ?”

ಬಾಷಾ ಸಾಬರು ಅವಳಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿ, ಕಾಗದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಮೇಷ್ಟ್ರ ಜೇಬಿನಿಂದ ಪೆನ್ನು ತೆಗೆದುಕೊಂಡರು. “ಹುಡುಗಿಗೆ ಕೆಲಸ ಆಗ್ಬೇಕಲ್ಲ. ಎಲ್ಲಿ ಹಾಕ್ಬೇಕು ತೋರ್ಸ್ರಿ” ಎಂದರು.

ನಾನು ಎದ್ದು ಹೋಗಿ ಆ ಕಾಗದವನ್ನು ಅವರ ತೊಡೆಯ ಮೇಲಿಂದ ಎತ್ತಿಕೊಂಡೆ. ಎರಡಾಗಿ, ನಾಲ್ಕಾಗಿ ಮಡಚಿದೆ. ಬೇಡ ಚಾಚಾ, ಇದು ಸುಳ್ಳು, ನನ್ನದೇ ತಪ್ಪು ಎಂದೆ. ಮೇಷ್ಟ್ರ ಮುಂದೆ, ಅವ್ವನ ಮುಂದೆ, ಮೂವತ್ತೇಳು ವರ್ಷದ ಹೆಂಗಸು ನಾನು ಅತ್ತುಬಿಟ್ಟೆ. ಅರ್ಜಿ ಹೋದರೆ ಹೋಗಲಿ ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನಿಸಿತ್ತು.

ಬಾಷಾ ಸಾಬರು ನಾನು ಮೂಗು ಒರೆಸಿಕೊಳ್ಳುವ ತನಕ ಕಾದರು. ಆಮೇಲೆ ಪೆನ್ನನ್ನು ಮೇಷ್ಟ್ರಿಗೆ ವಾಪಸ್ಸು ಕೊಟ್ಟು, ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಬಲಗಿವಿಯನ್ನು ಅವರ ಕಡೆ ಮಾಡಿಕೊಂಡರು.

“ನಾನು ಹೇಳ್ತೀನಿ, ನೀವು ಇಂಗ್ಲಿಷ್‌ನಾಗೆ ಬರ್ಕಳ್ರಿ. ಐವತ್ತು ವರ್ಷ ಅಕ್ಕಿ ಹದ ಕಿವೀಲಿ ನೋಡ್ದೋನು ನಾನು. ಅದು ಅಂದಾಜಲ್ಲ. ನಮ್ಮಪ್ಪಂದೂ ಅಂದಾಜಲ್ಲ. ಈ ಹುಡುಗಿ ಅಲ್ಲೇ ಚೀಲದ ಮ್ಯಾಲೆ ಕುಂತು ಅದನ್ನ ನೋಡಿ ಕಲ್ತಳು.” ಅಷ್ಟು ಹೇಳಿ ಹೊಳೆಯ ಕಡೆ ನೋಡಿದರು. “ಇನ್ನೊಂದು ಬರೀರಿ. ಒಂದೂವರೆ ವರ್ಷದಿಂದ ನಂಗೆ ಎಡಗಿವಿ ಪೂರಾ ಹೋಗೈತೆ. ಬಲಗಿವೀಲಿ ಮಾತು ಕೇಳ್ಸುತ್ತೆ, ಅಕ್ಕಿ ಕೇಳ್ಸಲ್ಲ. ಯಾರಿಗೂ ಹೇಳಿಲ್ಲ. ನಮ್ಮ ಸೊಸೆ ಡಬ್ಬಿ ಅಲ್ಲಾಡ್ಸಿ ಫೋನ್ ನೋಡಿ ಕಣ್ಸನ್ನೆ ಮಾಡ್ತಾಳೆ, ನಾನು ಹೂಂ ಅಂತೀನಿ. ಅದ್ಕೇ ನಮ್ಮ ಭಟ್ಟಿ ಇನ್ನೂ ಉರೀತೈತೆ. ಇಷ್ಟು ನಿಜ. ಇಷ್ಟೇ ಬರೀರಿ.”

ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದರು. ಇದು ಮಂಡಿಪೇಟೆಗೆ ಗೊತ್ತಾದರೆ ನಿಮ್ಮ ಹೆಸರಿನ ಗತಿಯೇನು ಸಾಬರೆ ಎಂದು ಕೇಳಿದರು. ಬಾಷಾ ಸಾಬರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು. “ಗೊತ್ತಾದ್ರೆ ಗೊತ್ತಾಗ್ಲಿ ಬಿಡ್ರಿ. ಹೆಸರು ಇಟ್ಕಂಡು ಏನ್ ಮಾಡ್ಲಿ, ಕಿವೀನೇ ಇಲ್ಲ.”

ಬಸ್ಸಿನಲ್ಲಿ ಅವರು ನನಗೆ ಯಾಕೆ ಉತ್ತರ ಕೊಟ್ಟಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಹಿಂದಿರುಗುವಾಗ ನಾನು ಅವರ ಬಲಕ್ಕೆ ಕೂತೆ. ದಾರಿಯುದ್ದಕ್ಕೂ ಮಾತಾಡಿದೆವು. ಅಮೆರಿಕದಲ್ಲಿ ಮಂಡಕ್ಕಿ ಸಿಗುತ್ತದೆಯೇ ಎಂದು ವಿಚಾರಿಸಿದರು. ಸಿಗುತ್ತದೆ, ಆದರೆ ಮೆತ್ತಗಿರುತ್ತದೆ ಎಂದೆ. ಅದಕ್ಕೆ ಅವರಿಗೆ ಬಹಳ ಸಮಾಧಾನವಾಯಿತು.

ಮೇಷ್ಟ್ರು ಅನುವಾದಿಸಿದ ಪತ್ರವನ್ನು ಮರುದಿನ ಟೈಪ್ ಮಾಡಿಸಿ ನಸೀಮಾಳ ಕೈಗೆ ಕೊಟ್ಟೆ. ಅವಳು ಸಂಜೆ ಸಹಿ ಹಾಕಿಸಿಕೊಂಡು ಮನೆಗೆ ತಂದಳು. ಸ್ಕ್ಯಾನ್ ಮಾಡಲು ಹೋದರೆ ಕಾಗದದ ಮೇಲೆ, ಬಲಮೂಲೆಯಲ್ಲಿ, ದೊಡ್ಡದೊಂದು ಕಪ್ಪು ಕಲೆ. ಕೈ ತೊಳೆಯದೆ ಮುಟ್ಟಿದ್ದಾರಲ್ಲ ಎಂದು ಒಳಗೊಳಗೇ ಸಿಡುಕಿದೆ. ಅಷ್ಟು ದೊಡ್ಡ ಉಪಕಾರ ಮಾಡಿದವರ ಮೇಲೆ ಒಂದು ಕಲೆಗಾಗಿ ಸಿಡುಕಿದೆ; ಮನುಷ್ಯರ ಬುದ್ಧಿಯೇ ಹೀಗೆ. ಪಕ್ಕದ ಮನೆಯಿಂದ ರಬ್ಬರು ತಂದು ಉಜ್ಜಿದೆ. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು. ವಕೀಲೆ ನೋಡಿ, ಶುಭ್ರವಾದ ಇನ್ನೊಂದು ಪ್ರತಿ ಸಿಗುವುದಿಲ್ಲವೇ ಎಂದು ಕೇಳಿದರು. ಇಷ್ಟೆಲ್ಲ ಆದ ಮೇಲೆ ಮತ್ತೊಮ್ಮೆ ಅವರ ಮುಂದೆ ಕಾಗದ ಹಿಡಿದು ನಿಲ್ಲಲು ನನಗೆ ಮುಖವಿರಲಿಲ್ಲ. ಹಾಗೇ ಕಳಿಸಿ ಎಂದೆ.

ವಕೀಲೆಗೆ ಕಲೆಗಿಂತ ಮೊದಲ ಪ್ಯಾರಾದ ಚಿಂತೆ ಹೆಚ್ಚಾಗಿತ್ತು. ವಿಧಾನ ಮೊದಲೇ ಅವರ ಹತ್ತಿರ ಇತ್ತು ಎಂದರೆ ನೀವು ಮಾಡಿದ್ದೇನು ಎಂದು ಕಚೇರಿ ಕೇಳುವುದಿಲ್ಲವೇ? ಕೇಳಲಿ ಎಂದೆ. ಒಬ್ಬರ ಕಿವಿಯಲ್ಲಿದ್ದದ್ದು ಅವರ ಕಿವಿ ಹೋದ ಮೇಲೂ ಉಳಿಯುವ ಹಾಗೆ ಮಾಡಿದೆ, ನಾನು ಮಾಡಿದ್ದು ಅಷ್ಟೇ, ಅದನ್ನೇ ಬರೆಯಿರಿ. ಈ ಮಾತನ್ನು ಮೊದಲೇ ಹೇಳಬಾರದಿತ್ತೇ ಎಂದರು ಅವರು. ಉತ್ತರದಲ್ಲಿ ಬಾಷಾ ಸಾಬರ ಹೆಸರು ಏಳು ಕಡೆ ಬಂತು. ನಾನೇ ಎಣಿಸಿದ್ದೆ.

ಸೆಪ್ಟೆಂಬರಿನ ಒಂದು ಬೆಳಗ್ಗೆ, ಅವ್ವನ ಇನ್ನೊಂದು ಕಣ್ಣಿಗೆ ಔಷಧಿಯ ಹನಿ ಹಾಕುತ್ತಿದ್ದಾಗ ಫೋನ್ ಬಂತು. ಅರ್ಜಿ ಒಪ್ಪಿಗೆಯಾಗಿತ್ತು. ಔಷಧಿ ಗುರಿ ತಪ್ಪಿ ಅವ್ವನ ಕೆನ್ನೆಗೆ ಇಳಿಯಿತು. ಅವಳು ಅದನ್ನು ಸೆರಗಿನಲ್ಲಿ ಒರೆಸಿಕೊಂಡು, ಮೊದಲು ಭಟ್ಟಿಗೆ ಹೋಗಿ ಹೇಳಿ ಬಾ ಎಂದಳು. ಹೋಗಿ ಹೇಳಿದೆ. ಬಾಷಾ ಸಾಬರು ಮರಳು ಕೆದಕುತ್ತಲೇ ‘ಆಯ್ತಲ್ಲ, ಬಿಡು’ ಎಂದರು. ಈ ಸಲ ನನಗೆ ಅಳು ಬರಲಿಲ್ಲ.

ಒಪ್ಪಿಗೆ ಸಿಕ್ಕರೂ ಕಾರ್ಡಿಗೆ ಸರದಿ ಕಾಯಬೇಕಿತ್ತು. ನಮ್ಮ ದೇಶದಲ್ಲಿ ಹುಟ್ಟಿದವರ ಸಾಲು ಉದ್ದ. ಕೊನೆಗೂ ಅದು ಕೈಗೆ ಬಂದ ಮೇಲೆ, ಈ ಜನವರಿಯಲ್ಲಿ, ಮತ್ತೆ ಅದೇ ಓಣಿಯಲ್ಲಿ ಬಂದು ನಿಂತಿದ್ದೆ.

ಬಾಷಾ ಸಾಬರಿಗೆ ಈಗ ಎರಡೂ ಕಿವಿ ಕೇಳುವುದಿಲ್ಲ. ಅದು ಮಂಡಿಪೇಟೆಗೆಲ್ಲ ಗೊತ್ತು. ವ್ಯಾಪಾರಿಗಳು ಈಗಲೂ ಅಕ್ಕಿಯ ಮಾದರಿ ಕಳಿಸುತ್ತಾರೆ, ನಸೀಮಾಳ ಡಬ್ಬಿಗೆ. ಬಾಗಿಲ ಹತ್ತಿರ ಬಿಸಿಲಿಗೆ ಕೂತಿದ್ದ ಬಾಷಾ ಸಾಬರ ಕೈಗೆ ಕಾರ್ಡು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಫೋಟೋ ಸರಿ ಬಂದಿಲ್ಲ ಎಂದು ವಾಪಸ್ಸು ಕೊಟ್ಟರು. ನಾನೂ ನಸೀಮಾಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ನಾನು ಅವಳಿಗೆ ಆ ಕಲೆಯ ಕಥೆ ಹೇಳಿದೆ. ನಿಮ್ಮ ಮಾವ ಅವತ್ತು ಕೈ ತೊಳೆಯದೆ ಸಹಿ ಹಾಕಿ ನನ್ನನ್ನು ಎಷ್ಟು ಪರದಾಡಿಸಿದರು ಗೊತ್ತೇ ಎಂದು ತಮಾಷೆಗೆ ಅಂದೆ. ನಸೀಮಾ ನಗಲಿಲ್ಲ. ನನ್ನನ್ನು ವಿಚಿತ್ರವಾಗಿ ನೋಡಿದಳು.

“ಇಲ್ಲ ರೇಣಕ್ಕ. ಸಹಿಗೆ ಮುಂಚೆ ಎರಡು ಸಲ ಸೋಪ್ ಹಚ್ಚಿ ಕೈ ತೊಳ್ಕಂಡ್ರು, ಅಮೆರಿಕಕ್ಕೆ ಹೋಗೋ ಕಾಗದ ಅಂತ. ಸಹಿ ಹಾಕಿ, ಇಂಕು ಆರಲಿ ಅಂತ ಕಾದ್ರು. ಆಮ್ಯಾಲೆ ಎದ್ದು ಬಾಣಲೆ ಹತ್ರ ಹೋಗಿ, ಹೆಬ್ಬೆಟ್ಟಿಗೆ ಮಸಿ ಹಚ್ಕಂಡು ಬಂದು ಒತ್ತಿದ್ರು.”

ಬಾಷಾ ಸಾಬರು ನಾವು ಏನು ಮಾತಾಡುತ್ತಿದ್ದೇವೆಂದು ಕೇಳಿಸದೆ ಬಿಸಿಲಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದರು. ನಾನು ಹೋಗಿ ಅವರ ಪಕ್ಕದ ಚೀಲದ ಮೇಲೆ ಕೂತೆ. ಅವರ ಬಲ ಹೆಬ್ಬೆರಳನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಚೀಲಗಳ ಮೇಲೆ ಕೂತು ಬೆಳೆದವಳು, ವರ್ಷಕ್ಕೆ ನಾಲ್ಕೈದು ಸಲ ಆ ಗುರುತನ್ನು ಕಣ್ಣಾರೆ ಕಂಡವಳು ನಾನು. ನನ್ನ ಮೇಲೆ ಬಿದ್ದಾಗ ಅದನ್ನು ಗುರುತು ಹಿಡಿಯಲಿಲ್ಲ. ಆದರೂ ದೇವರು ದೊಡ್ಡವನು. ರಬ್ಬರು ತಂದು ಅಳಿಸಲು ಹೋಗಿ, ನಾನೇ ಅದನ್ನು ಇನ್ನಷ್ಟು ದೊಡ್ಡದು ಮಾಡಿ ಕಳಿಸಿದ್ದೆ.